ಖಾರವಿಲ್ಲದ ಚಟ್ನಿ

ಪ್ರೀತಿಯ ಶ್ಯಾಮಲಕ್ಕ,

ಮಂಡಿನೋವೆಂದು ನೀವು ಗಾರ್ಮೆಂಟ್ಸ್ ಕೆಲಸ ಬಿಟ್ಟ ಮೇಲೆ ಮಾರಿಕುಪ್ಪಂ ರೈಲಿನ ನಮ್ಮ ಸೀಟಿನಲ್ಲಿ ಗಲಾಟೆಯೇ ಇಲ್ಲ. ಫೋನಿನಲ್ಲಿ ನೀವು ನನಗೆ ಮಾತಾಡಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ. ಒಂದು ಸಲವಾದರೂ ಬಾಯಿ ಮುಚ್ಚಿಕೊಂಡು ಓದಿ.

ನೀವಿನ್ನೂ ರೈಲಿಗೆ ಬರುತ್ತಿದ್ದಾಗ ಕ್ಯಾಸಂಬಳ್ಳಿ ಪಕ್ಕದ ನಮ್ಮೂರ ಹಾಲಿನ ಡೈರಿಗೆ ನಾನೊಂದು ಪ್ರೋಗ್ರಾಮ್ ಬರೆದಿದ್ದೆನಲ್ಲ, ಹಾಲಿನ ಫ್ಯಾಟ್ ನೋಡಿ ಚೀಟಿ ಕೊಡುವುದು? ಬೆಂಗಳೂರಿನ ಆಫೀಸಿನಲ್ಲಿ ಚೆನ್ನಾಗಿ ಓಡಿತ್ತು. ಊರಲ್ಲಿ ಎಲ್ಲರೆದುರು ಶುರು ಮಾಡಿದರೆ ಏಳಲೇ ಇಲ್ಲ. ಅದು ಅರ್ಧ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಮೊದಲೇ ಇರುವ ಒಂದು ಲೈಬ್ರರಿಯನ್ನು ನಂಬಿಕೊಂಡಿತ್ತು. ಹಲವು ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಸಾಮಾನು ಅದು. ಡೈರಿಯಲ್ಲಿದ್ದದ್ದು ಹಳೆಯದು. ತೆಗೆದು ಹೊಸದು ಹಾಕಿದೆ. ನನ್ನದು ಎದ್ದಿತು, ಹಳೆಯದನ್ನೇ ನಂಬಿದ್ದ ತೂಕದ ಪ್ರೋಗ್ರಾಮ್ ಮಲಗಿತು! ಸೆಕ್ರೆಟರಿ ಕೋದಂಡಪ್ಪ, "ಹಳೇದನ್ನೇ ಆಕ್ಬುಡಮ್ಮಾ. ಸೋಮವಾರಕ್ಕೆ ಎರಡೂ ಓಡಲಿಲ್ಲ ಅಂದ್ರೆ ನಿನ್ದನ್ನ ತೆಗೆದಾಕ್ತೀನಿ" ಅಂದರು. ಸಾಲಿನಲ್ಲಿ ಕ್ಯಾನು ಹಿಡಿದು ನಿಂತಿದ್ದ ಅಮ್ಮ ತಲೆ ತಗ್ಗಿಸಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮರುದಿನ ರೈಲು ಬಂಗಾರಪೇಟೆ ಬಿಡುತ್ತಲೇ ಎಂದಿನಂತೆ ಡಬ್ಬಿಗಳು ತೆರೆದವು. ಇಡ್ಲಿ ಅವರವರದು, ಚಟ್ನಿ ಎಲ್ಲರಿಗೂ ನಿಮ್ಮ ದೊಡ್ಡ ಡಬ್ಬಿಯದು. ಅವತ್ತು ಚಟ್ನಿ ಬರೀ ಸಪ್ಪೆ. ಪುಷ್ಪ ಮುಖ ಸಿಂಡರಿಸಿದಾಗ ನೀವು, "ರಾಧಂಗೆ ಎದೆಯುರಿ ಕಣ್ರೇ, ಬಸ್ರಿ ಎಣ್ಣು. ಸಪ್ಪೆ ತಿಂದ್ರೆ ಸತ್ತೋಗ್ತೀರಾ?" ಎಂದು ಜೋರು ಮಾಡಿದಿರಿ. ನನ್ನ ಇಡ್ಲಿಗೆ ಮಾತ್ರ ಅಮ್ಮ ಮನೆಯಲ್ಲೇ ಚಟ್ನಿಪುಡಿ, ಎಣ್ಣೆ ಸವರಿ ಕಳಿಸಿದ್ದಳು. ನಿಮ್ಮ ಚಟ್ನಿ ಹೇಗಿದ್ದರೂ ನನ್ನ ತಿಂಡಿಗೆ ಏನೂ ಆಗುವಂತಿರಲಿಲ್ಲ.

ಆಗ ಹೊಳೆಯಿತು ನೋಡಿ. ಲೈಬ್ರರಿಯನ್ನು ಪ್ರೋಗ್ರಾಮಿನೊಳಗೇ ಸೇರಿಸಿ ಒಂದೇ ಗಂಟು ಕಟ್ಟುವ ದಾರಿಯೊಂದಿದೆ. ಸ್ಟ್ಯಾಟಿಕ್ ಲಿಂಕಿಂಗ್ ಅನ್ನುತ್ತೇವೆ. ಗಂಟು ದಪ್ಪವಾಗುತ್ತದೆಂದು ಅದನ್ನು ಬಿಟ್ಟಿದ್ದೆ. ಈಗ ಹೊಸ ಲೈಬ್ರರಿಯನ್ನು ನನ್ನದರೊಳಗೇ ಕಟ್ಟಿ, ಡೈರಿಯ ಕಂಪ್ಯೂಟರಿಗೆ ಹಳೆಯದನ್ನೇ ವಾಪಸ್ ಹಾಕಿದೆ. ಸೋಮವಾರ ಡೈರಿಯಲ್ಲಿ ಎರಡೂ ಓಡಿದವು. ಅಮ್ಮ ಚೀಟಿ ಹಿಡಿದು ಹಿಂದಿನವರಿಗೆ, "ನನ್ ಮಗ್ಳು ಮಾಡಿರಾದು" ಅಂದಳು. ಆ ಮಾತು ನಿಮ್ಮ ಚಟ್ನಿಯಿಂದ ಬಂತು ಅಕ್ಕ. ನಿಮಗೆ ಎಷ್ಟು ಕೈ ಮುಗಿದರೂ ಸಾಲದು.

ಗಂಟಿಗೂ ಅದರದೇ ಕಷ್ಟವಿದೆ. ಲೈಬ್ರರಿಯಲ್ಲಿ ಏನಾದರೂ ತಪ್ಪು ಸಿಕ್ಕರೆ ಗಂಟು ಬಿಚ್ಚಿ ಮತ್ತೆ ಕಟ್ಟಿ, ನಾನೇ ಡೈರಿಗೆ ಒಯ್ಯಬೇಕು. ಒಯ್ಯುತ್ತೇನೆ, ಅದೇನು ದೊಡ್ಡದಲ್ಲ.

ನೀವು ಹೋದ ಮೇಲೆ ಸೀಟಿನಲ್ಲೂ ಎಲ್ಲರೂ ಅವರವರ ಚಟ್ನಿ ತರುತ್ತಿದ್ದೇವೆ. ಯಾರೂ ಯಾರ ಡಬ್ಬಿಗೂ ಕೈ ಹಾಕುವುದಿಲ್ಲ. ರಾಧಳ ಅತ್ತೆಮನೆ ಚಟ್ನಿ ಬೆಂಕಿಯಂಥ ಖಾರ. ಅವಳು ಒಣ ಇಡ್ಲಿ ನುಂಗುತ್ತಾ ಕಿಟಕಿ ನೋಡುತ್ತಿದ್ದದ್ದು ನನಗೆ ಕಂಡಿದ್ದು ನಿನ್ನೆ.

ನಾಳೆಯಿಂದ ಚಟ್ನಿ ನನ್ನದು, ಅಕ್ಕ. ಎಲ್ಲರಿಗೂ ಸಪ್ಪೆ. ಪುಷ್ಪ ಮುಖ ಸಿಂಡರಿಸಲಿ.

ನಿಮ್ಮ ಮಂಡಿನೋವು ಇಳಿಯಲಿ, ಬಾಯಿ ಮಾತ್ರ ಹಾಗೇ ಇರಲಿ.

ನಿಮ್ಮ ಎದುರು ಸೀಟಿನ
ಸುಮಲತ