ಎರಡೂ ವರದಿ ಸರಿಯಂತೆ: ಲೈಮ್ ಪರೀಕ್ಷೆಯ ಬಗ್ಗೆ ಪ್ರಯೋಗಾಲಯದ ನಿರ್ದೇಶಕರಿಗೆ

ಮಾನ್ಯ ನಿರ್ದೇಶಕರೇ,

ನಿಮ್ಮ ಪ್ರಯೋಗಾಲಯ ನನ್ನ ತಮ್ಮನ ರಕ್ತವನ್ನು ಎರಡು ಸಲ ಪರೀಕ್ಷಿಸಿತು. ಮೊದಲ ಸಲ ಲೈಮ್ ಕಾಯಿಲೆ ಇಲ್ಲ ಎಂದಿತು. ಎರಡನೆಯ ಸಲ ಇದೆ ಎಂದಿತು. ಆ ಎರಡನೆಯ ವರದಿ ಮನೆಗೆ ಬಂದಾಗ ನಾವು ಅವನ ಅಂತ್ಯಕ್ರಿಯೆ ಮುಗಿಸಿ ಬಂದು, ಬಾಗಿಲ ಪಕ್ಕದಲ್ಲಿದ್ದ ಅವನ ಬೂಟುಗಳನ್ನು ಎತ್ತಿಡುವುದೋ ಬೇಡವೋ ತಿಳಿಯದೆ ಕುಳಿತಿದ್ದೆವು. ಅಂಚೆಯವರು ಸಹಿ ಕೇಳಿದರು. ಅವನ ಹೆಸರಿನ ಮುಂದೆ ನಾನು ಸಹಿ ಹಾಕಿ, ಸಂಬಂಧ ಎಂದಿದ್ದ ಕಡೆ ಅಕ್ಕ ಎಂದು ಬರೆದೆ. ಒಳಗಿನ ಹಾಳೆಯ ಕೊನೆಯಲ್ಲಿ, ತಡಮಾಡದೆ ನಿಮ್ಮ ವೈದ್ಯರನ್ನು ಕಾಣಿ ಎಂಬ ಸಲಹೆಯಿತ್ತು. ನಿಮ್ಮ ಕಾಳಜಿಗೆ ಧನ್ಯವಾದ.

ನನ್ನ ತಮ್ಮನ ಪರಿಚಯ ನಿಮಗಿಲ್ಲ. ನಿಮಗೆ ಅವನು ಸೀಸೆಯೊಂದರ ಮೇಲೆ ಅಂಟಿಸಿದ ಚೀಟಿ. ನಮಗೆ ಅವನು ಕಡ್ಡಿ, ಎಷ್ಟು ತಿಂದರೂ ಮೈಗೆ ಹತ್ತದ ಆಸಾಮಿ. ಊರಿನ ದೊಡ್ಡ ಉದ್ಯಾನದಲ್ಲಿ ಹುಲ್ಲು ಕತ್ತರಿಸುವುದು, ಪೊದೆ ಸವರುವುದು ಅವನ ಕೆಲಸ. ನಾನು ದರ್ಜಿ. ಉದ್ಯಾನದವರು ಕೊಡುವ ಸಮವಸ್ತ್ರದೊಳಗೆ ಇನ್ನೊಬ್ಬ ಕಡ್ಡಿಗೂ ಜಾಗವಿರುತ್ತಿತ್ತಾದ್ದರಿಂದ, ಅದನ್ನು ಅವನ ಅಳತೆಗೆ ಹಿಡಿದು ಹೊಲಿಯುವುದು ನನಗೆ ಗಂಟುಬಿದ್ದ ಸಂಬಳವಿಲ್ಲದ ನೌಕರಿ. ಹಾಗೆ ಅಳತೆ ನೋಡುವಾಗಲೇ ಅವನ ಸೊಂಟದ ಮೇಲೊಂದು ಕೆಂಪು ಮಚ್ಚೆ ಕಂಡಿತು. ನೋವಿಲ್ಲ, ತುರಿಕೆಯಿಲ್ಲ. ಬಟ್ಟೆಗೆ ಹಾಕುವ ಸೀಮೆಸುಣ್ಣ ಮೈಮೇಲೆ ನಿಲ್ಲುವುದಿಲ್ಲವೆಂದು, ತಮಾಷೆಗೆ ಪೆನ್ನು ತೆಗೆದು ಅದರ ಸುತ್ತ ಗೆರೆ ಎಳೆದೆ. ಕಚಗುಳಿಯಾಗಿ ಅವನು ಕುಣಿದ, ಗೆರೆ ಸೊಟ್ಟಗಾಯಿತು. ಒಂದೆರಡು ದಿನ ಬಿಟ್ಟು ನೋಡಿದರೆ ಕೆಂಪು ಆ ಗೆರೆಯನ್ನು ದಾಟಿ ಹೋಗಿತ್ತು.

ನಮ್ಮ ಬೀದಿಯ ಡಾಕ್ಟರಮ್ಮ ನೋಡಿದ ಕೂಡಲೇ ಗುರುತಿಸಿದರು. ಇದು ಲೈಮ್, ಹುಲ್ಲಿನಲ್ಲಿರುವ ರಕ್ತ ಹೀರುವ ಉಣುಗು ಕಚ್ಚಿದರೆ ಮಚ್ಚೆ ಹೀಗೆ ಹರಡುತ್ತದೆ, ಇವತ್ತೇ ಮಾತ್ರೆ ಶುರುಮಾಡು ಎಂದರು. ಅವನು ಶುರುಮಾಡಿದ. ಯಾವುದಕ್ಕೂ ಇರಲಿ ಎಂದು ರಕ್ತವನ್ನೂ ನಿಮ್ಮಲ್ಲಿಗೆ ಕಳಿಸಿದರು. ಆ ‘ಯಾವುದಕ್ಕೂ ಇರಲಿ’ ನಮ್ಮ ಮನೆ ಹಾಳುಮಾಡಿತು. ನಿಮ್ಮ ಹಾಳೆ ದಪ್ಪ ಅಕ್ಷರದಲ್ಲಿ ರೋಗವಿಲ್ಲ ಎಂದಿತು. ಡಾಕ್ಟರಮ್ಮ ಅದನ್ನು ತಿರುಗಿಸಿ ಮುರುಗಿಸಿ ಓದಿದರು, ಇನ್ನೊಮ್ಮೆ ಮಚ್ಚೆ ನೋಡಿದರು, ಕೊನೆಗೆ ನಿಮ್ಮನ್ನೇ ನಂಬಿ ಮಾತ್ರೆ ನಿಲ್ಲಿಸಿದರು. ಈಗ ಅವರು ಸಂಜೆ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕುಳಿತು ಹೋಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಮಚ್ಚೆ ತಾನಾಗಿ ಮಾಯವಾಯಿತು. ಕೆಲವು ವಾರಗಳಲ್ಲಿ ಅವನಿಗೆ ಸುಸ್ತು ಶುರುವಾಯಿತು, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಇನ್ನೊಮ್ಮೆ ತೋರಿಸಿಕೊಂಡು ಬಾ ಎಂದು ಗೋಗರೆದೆ. ಅವನ ಮೇಸ್ತ್ರಿ ಆಗಲೇ ನಿಮ್ಮ ವರದಿ ಓದಿ, ಕಾಯಿಲೆ ಇಲ್ಲದವನಿಗೆ ಎಂಥ ರಜೆ ಎಂದು ಮೂಗು ಮುರಿದಿದ್ದ.

“ಪರೀಕ್ಷೇಲಿ ಏನೂ ಇಲ್ಲ ಅಂತ ಬಂದಿದೆಯಲ್ಲಕ್ಕ,” ಎಂದ ಕಡ್ಡಿ. “ಸುಮ್ನೆ ನನ್ನ ರೋಗಿಷ್ಟ ಮಾಡಬೇಡ.”

ಒಂದು ಬೆಳಗ್ಗೆ ಪೊದೆ ಸವರುತ್ತಿದ್ದವನು ಅಲ್ಲೇ ಕುಸಿದ. ಸೋಂಕು ಹೃದಯಕ್ಕೆ ಇಳಿದು, ಬಡಿತ ಸಾಗುವ ದಾರಿಯಲ್ಲೇ ತಡೆ ಹುಟ್ಟಿಸಿರಬೇಕು ಎಂದು ಆಸ್ಪತ್ರೆಯವರು ಅನುಮಾನಪಟ್ಟು ರಕ್ತ ತೆಗೆದು ನಿಮ್ಮಲ್ಲಿಗೇ ಕಳಿಸಿದರು. ಸಂಜೆಯ ಹೊತ್ತಿಗೆ ಅವನು ಇರಲಿಲ್ಲ. ಅನುಮಾನ ನಿಜವೆಂದು ಆಮೇಲೆ ನೀವೇ ಬರೆದು ತಿಳಿಸಿದಿರಿ.

ನಿಮ್ಮ ಕಚೇರಿಗೂ ಬಂದಿದ್ದೆ. ನಿಮ್ಮ ಸಹಾಯಕರು ಕುರ್ಚಿ ಕೊಟ್ಟರು, ನೀರು ಕೊಟ್ಟರು, ವಿವರಣೆಯನ್ನೂ ಕೊಟ್ಟರು. ಈ ಪರೀಕ್ಷೆ ರೋಗಾಣುವನ್ನೇ ಹುಡುಕುವುದಿಲ್ಲವಂತೆ, ಅದರ ವಿರುದ್ಧ ನಮ್ಮ ಮೈ ತಯಾರಿಸುವ ಪ್ರತಿಕಾಯಗಳನ್ನು ಹುಡುಕುತ್ತದಂತೆ. ಅವು ತಯಾರಾಗಲು ವಾರಗಳೇ ಬೇಕಂತೆ. ಮಚ್ಚೆ ಹೊಸದಿದ್ದಾಗ ರಕ್ತ ತೆಗೆದರೆ, ರೋಗವಿದ್ದರೂ ಎಷ್ಟೋ ಸಲ ಇಲ್ಲವೆಂದೇ ಬರುತ್ತದಂತೆ. ಅಂಥ ಮಚ್ಚೆ ಕಂಡರೆ ಪರೀಕ್ಷೆಗೆ ಕಾಯದೆ ಔಷಧಿ ಕೊಡಬೇಕೆಂದು ಪುಸ್ತಕಗಳಲ್ಲೇ ಇದೆಯಂತೆ. ಇಷ್ಟೆಲ್ಲ ಹೇಳಿ ಅವರು ದನಿ ತಗ್ಗಿಸಿದರು. “ನೋಡಿ ಅಮ್ಮಾ, ತಾಂತ್ರಿಕವಾಗಿ ಎರಡೂ ವರದಿ ಸರಿಯಾಗೇ ಇವೆ.”

ಎರಡೂ ಸರಿ. ಹಾಗಾದರೆ ತಪ್ಪಿದವನು ನನ್ನ ತಮ್ಮನೇ? ನಿಮ್ಮ ಯಂತ್ರದ ಅನುಕೂಲ ನೋಡಿಕೊಂಡು ನಿಧಾನವಾಗಿ ಕಾಯಿಲೆ ಬೀಳಬೇಕಿತ್ತೇ? ಪರೀಕ್ಷೆ ಸುಳ್ಳೆಂದು ನಾನು ಹೇಳುತ್ತಿಲ್ಲ, ಸ್ವಾಮಿ. ಹಳತಾದ ಸೋಂಕನ್ನು ಅದು ಚೆನ್ನಾಗಿಯೇ ಹಿಡಿಯುತ್ತದಂತೆ. ಹಿಡಿದದ್ದನ್ನು ನಾನೂ ಕಂಡೆ. ನನ್ನ ಪ್ರಶ್ನೆ ಇಷ್ಟೇ. ನಿಮ್ಮ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿರುವ ಈ ಮಾತು ವರದಿಯ ಮೇಲೆ ಏಕಿರಲಿಲ್ಲ?

ಅದಕ್ಕೂ ಉತ್ತರ ಸಿಕ್ಕಿತು. ಹಾಗೆ ಮುದ್ರಿಸಿದರೆ ಸಾರ್ವಜನಿಕರಲ್ಲಿ ಗೊಂದಲ ಉಂಟಾಗಿ ಪರೀಕ್ಷೆಯ ಮೇಲಿನ ವಿಶ್ವಾಸ ಕುಗ್ಗೀತಂತೆ. ಈ ಬಟ್ಟೆ ಒಗೆದರೆ ಕುಗ್ಗುತ್ತದೆ ಎಂದು ಗಿರಾಕಿಗಳಿಗೆ ನಾನು ಮೊದಲೇ ಹೇಳುತ್ತೇನೆ. ಆ ಕಾರಣಕ್ಕೆ ನನ್ನನ್ನು ಬಿಟ್ಟುಹೋದವರಿಲ್ಲ. ಇನ್ನು ವಿಶ್ವಾಸದ ಮಾತೇ? ಕಣ್ಣೆದುರು ಬೆಳೆಯುತ್ತಿದ್ದ ಮಚ್ಚೆಯನ್ನು ಬಿಟ್ಟು ನಿಮ್ಮ ಹಾಳೆಯನ್ನು ನಂಬಿದವರು ನಾವು. ಇದಕ್ಕಿಂತ ಹೆಚ್ಚಿನ ವಿಶ್ವಾಸ ನಿಮಗೆ ಯಾರು ಕೊಟ್ಟಾರು?

ಕಳೆದ ವಾರ ನನ್ನ ಅಂಗಡಿಗೆ ಒಬ್ಬರು ಬಂದರು. ನಡುವಯಸ್ಸು, ದಪ್ಪ ಮೈ, ನಗುಮುಖ. ಉದ್ಯಾನಕ್ಕೆ ಹೊಸದಾಗಿ ಸೇರಿದವರು. ಕೈಯಲ್ಲಿದ್ದ ಸಮವಸ್ತ್ರದ ಅಂಗಿಯನ್ನು ಮೇಜಿನ ಮೇಲೆ ಹರವಿದರು.

“ಇದನ್ನ ಸ್ವಲ್ಪ ಬಿಚ್ಚಿ ಅಗಲ ಮಾಡಿಕೊಡಿ. ಮೊದಲು ಹಾಕ್ತಿದ್ದವನು ತುಂಬಾ ಕಡ್ಡಿ ಇದ್ದ ಅಂತ ಕಾಣತ್ತೆ.”

ನನ್ನ ಹೊಲಿಗೆ ನನಗೆ ಗೊತ್ತಾಗದೇ ಇರುತ್ತದೆಯೇ? ಕುಳಿತು ಒಂದೊಂದಾಗಿ ಬಿಚ್ಚಿದೆ. ಕಣ್ಣು ಮಂಜಾಗಿ ಬ್ಲೇಡು ಬೆರಳಿಗೆ ತಾಗಿತು. ಅವರು ಅದೇ ಅಂಗಿ ತೊಟ್ಟು ಅದೇ ಹುಲ್ಲಿಗೆ ಇಳಿಯುತ್ತಾರೆ, ನಿರ್ದೇಶಕರೇ. ಅವರ ಮೈಮೇಲೂ ಒಂದು ದಿನ ಮಚ್ಚೆ ಮೂಡಬಹುದು, ಅವರ ರಕ್ತವೂ ನಿಮ್ಮಲ್ಲಿಗೆ ಬರಬಹುದು.

ಅಷ್ಟರೊಳಗೆ ಒಂದು ಕೆಲಸ ಮಾಡಿ. ರೋಗವಿಲ್ಲ ಎಂದು ಬರೆಯುವ ಪ್ರತಿ ಹಾಳೆಯಲ್ಲೂ, ಅದರ ಕೆಳಗೇ, ಅಷ್ಟೇ ದಪ್ಪ ಅಕ್ಷರದಲ್ಲಿ ಹೀಗೆ ಮುದ್ರಿಸಿ: ಸೋಂಕು ಹೊಸದಾಗಿದ್ದರೆ ಈ ಪರೀಕ್ಷೆಗೆ ಅದು ಕಾಣದಿರಬಹುದು, ಮಚ್ಚೆಯಿದ್ದರೆ ಚಿಕಿತ್ಸೆ ನಿಲ್ಲಿಸಬೇಡಿ, ಅನುಮಾನವಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸಿ. ಜಾಗವಿಲ್ಲ ಎನ್ನಬೇಡಿ. ಮೇಲಿರುವ ನಿಮ್ಮ ಲಾಂಛನವನ್ನು ಒಂದು ಬೆರಳಷ್ಟು ಹಿಡಿದು ಹೊಲಿದರೆ ಸಾಕು.

ಇಂತಿ,
ನಿಮ್ಮ ಎರಡನೆಯ, ಸರಿಯಾದ ವರದಿಗೆ
ತಮ್ಮನ ಬದಲು ಸಹಿ ಹಾಕಿದ ಅಕ್ಕ