ಮೂರನೆಯ ತಂತಿಯ ಬಿರಡೆ

ಸಿಂದಗಿ
12-2-2025

ಅನೀಲಕುಮಾರ ಅವರಿಗೆ,

ಹೌದು, ಹೆಸರು ಹಿಡಿದೇ ಬರೆದಿದ್ದೇನೆ. ಮದುವೆಯಾಗಿ ಒಂಬತ್ತು ವರ್ಷ ‘ನಮ್ಮ ಮನಿಯವರು’ ಎಂದೇ ಕರೆದವಳು ನಾನು. ಅವ್ವ ಈ ಕಾಗದ ನೋಡಿದರೆ ಗಲ್ಲ ಗಲ್ಲ ಬಡಿದುಕೊಂಡಾಳು. ಬಡಿದುಕೊಳ್ಳಲಿ. ಫೋನಿನಲ್ಲಿ ಬೈದರೆ ನೀವು ಅರ್ಧಕ್ಕೇ ಕಟ್ ಮಾಡುತ್ತೀರಿ, ಅದಕ್ಕೇ ಇದನ್ನು ಗಿಟಾರಿನ ಚೀಲದೊಳಗೆ ಇಟ್ಟು ಕಳಿಸುತ್ತಿದ್ದೇನೆ.

ಏಳು ತಿಂಗಳಿಂದ ತವರಿನಲ್ಲಿದ್ದೇನೆ. ಬದುಕಿದ್ದೀಯಾ ಎಂದು ಒಂದು ಮಾತು ಕೇಳದವರು, ಮೊನ್ನೆ ಮುದ್ದೇಬಿಹಾಳದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಗಿಟಾರ್ ಕೊಟ್ಟು ಕಳಿಸಿದಿರಿ. ಜೊತೆಗೊಂದು ಚೀಟಿ. ತಂತಿ ಬಿಗಿಯುವ ಆರೂ ಬಿರಡೆ ಬದಲಿಸು, ಯಾವು ಅಂತ ನೀನೇ ಆರಿಸು. ಅಷ್ಟೇ! ನಾನು ನಿಮ್ಮ ಹೆಂಡತಿಯೋ, ಅಪ್ಪನ ಹಾರ್ಮೋನಿಯಂ ರಿಪೇರಿ ಅಂಗಡಿಯ ಕೂಲಿಯಾಳೋ?

ಆದರೂ ಆರಿಸಿದೆ. ಗಿಟಾರ್ ನನಗೇನೂ ಅನ್ಯಾಯ ಮಾಡಿಲ್ಲ. ಬಂಗಾರದ ಬಣ್ಣದ್ದು ನಿಮಗೆ ಇಷ್ಟವೆಂದು ಗೊತ್ತು, ಬೇಕೆಂದೇ ಬಿಟ್ಟೆ. ಅದರ ಕೊಳವೆ ದಪ್ಪ. ಕೂರಿಸಬೇಕೆಂದರೆ ಕಟ್ಟಿಗೆಯ ತೂತು ಕೊರೆದು ದೊಡ್ಡದು ಮಾಡಬೇಕು, ಒಮ್ಮೆ ಕೊರೆದರೆ ಮುಗಿಯಿತು. ತಂತಿಯನ್ನು ಕಚ್ಚಿ ಹಿಡಿಯುವ ಜಾತಿ ಒಳ್ಳೆಯದೇ, ಆದರೆ ಭಾರ. ಗಿಟಾರಿನ ತಲೆ ಕೆಳಗೆ ವಾಲುತ್ತದೆ, ನಿಮ್ಮ ಎಡಭುಜ ಮೊದಲೇ ನೋಯುತ್ತದೆ. ಎರಡು ಬದಿಗೆ ಮೂರು ಮೂರು ಬರುವುದು ನಿಮ್ಮದಕ್ಕೆ ಆಗದು, ಇದರಲ್ಲಿ ಆರೂ ಒಂದೇ ಸಾಲು. ಕಡೆಗೆ ಹಳೆಯ ತೂತಿಗೇ ಕೂರುವ ಹಗುರಾದ ಬಿರಡೆ ವಿಜಯಪುರದಿಂದ ತರಿಸಿದೆ. ಬೆರಳಲ್ಲಿ ಹಿಡಿಯುವ ಅದರ ಕಿವಿ ಹದಿನೆಂಟು ಸುತ್ತು ತಿರುವಿದರೆ ತಂತಿ ಒಂದು ಸುತ್ತು ಬಿಗಿಯುತ್ತದೆ, ಶ್ರುತಿ ಹದವಾಗಿ ನಿಲ್ಲುತ್ತದೆ. ನಿಮ್ಮ ಭುಜದ ಚಿಂತೆ ನನಗ್ಯಾಕೆ ಎಂದು ಮಾತ್ರ ಕೇಳಬೇಡಿ.

ಈಗ ಹೊರ್ತಿ ಊರಿನಲ್ಲಿ ನಿಮ್ಮ ಆರ್ಕೆಸ್ಟ್ರಾ ನಡೆದ ದಿನದ ಮಾತು. ಮದುವೆ ಮಂಟಪದಲ್ಲಿ, ನಡು ಮಧ್ಯಾಹ್ನ, ಹಾಡಿನ ಮಧ್ಯೆ ಮೂರನೆಯ ತಂತಿ ಸಡಿಲಾಗಿ ಶ್ರುತಿ ಇಳಿದುಹೋಯಿತು. ಜನ ನಕ್ಕರು. ನೀವು ಮೈಕು ಹಿಡಿದು, ನಂದೇನ್ ತಪ್ಪಿಲ್ರಿ, ಗಿಟಾರ್ ರೆಡಿ ಮಾಡಿದಾಕಿ ನಮ್ಮ ಮನಿಯಾಕಿ, ಆಕೀನ್ನ ಕೇಳ್ರಿ ಅಂದಿರಿ. ಊಟದ ಪಂಕ್ತಿಯೆಲ್ಲ ಹೊರಳಿ ನನ್ನ ಮುಖ ನೋಡಿತು. ಎಲೆ ಬಿಟ್ಟು ಎದ್ದು, ಇಂಡಿ ಬಸ್ಸು ಹತ್ತಿ ಇಲ್ಲಿಗೆ ಬಂದೆ.

ನಿಮ್ಮ ಡ್ರಮ್ಮಿನ ಶಮಶುದ್ದೀನಣ್ಣ ರಾಜಿಗೆ ಬಂದಿದ್ದರು. ಇಷ್ಟಕ್ಕೆಲ್ಲ ಯಾರರ ಮನಿ ಬಿಡ್ತಾರೇನ್ ತಂಗಿ ಅಂದರು. ನಾನು, ಬಿರಡಿ ಹಲ್ಲು ಸವದಾವು, ಬದಲಸ್ರಿ ಅಂತ ಎರಡು ವರ್ಷದಿಂದ ಬಡಕೊಂಡೇನಿ, ಕೇಳಲಿಲ್ಲ, ಈಗ ನನ್ನ ಹೆಸರು ಹೇಳ್ತಾರ ಅಂತ ಹೇಳಿ ಕಳಿಸಿದೆ. ಅಪ್ಪನಿಗೂ ಅದನ್ನೇ ಹೇಳಿದೆ. ಅಪ್ಪ ನಂಬಿದ. ಆದರೆ ಬಾಗೇವಾಡಿಯ ಭಜನೆಯವರು ನಂಬಲಿಲ್ಲ. ಈಗ ಹಾರ್ಮೋನಿಯಂ ತಂದರೆ, ಮಗಳು ಬ್ಯಾಡ, ನೀವ ನೋಡ್ರಿ ಎನ್ನುತ್ತಾರೆ. ಹತ್ತು ವರ್ಷದ ಕೈಗುಣವನ್ನು ನೀವು ಒಂದು ಮಾತಿನಲ್ಲಿ ಮಣ್ಣು ಮಾಡಿದಿರಿ.

ಬರುವ ರವಿವಾರ ಕಾರ್ಯಕ್ರಮದಲ್ಲಿ ಅದೇ ಮೈಕು ಹಿಡಿದು, ತಪ್ಪು ನನ್ನದು ಎಂದು ಹೇಳಬೇಕು. ಹೇಳಿದರೆ ಬರುತ್ತೇನೆ. ಇಲ್ಲದಿದ್ದರೆ ಆರೂ ತಂತಿ ಹರಿದರೂ ಇತ್ತ ಕಳಿಸಬೇಡಿ.

ಸಿಟ್ಟು ಇಳಿಯದ,
ಭಾಗ್ಯಜ್ಯೋತಿ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದೆ. ಹಳೆಯ ಬಿರಡೆಗಳ ಹಲ್ಲು ಸವೆದಿಲ್ಲ, ಆರೂ ನೆಟ್ಟಗಿವೆ. ಅವತ್ತು ಬೆಳಿಗ್ಗೆ ಮೂರನೆಯದನ್ನು ಬಿಚ್ಚಿ ಎಣ್ಣೆ ಹಾಕಿದೆ. ಸ್ಕ್ರೂ ಬೆರಳಿನಲ್ಲೇ ತಿರುವಿಟ್ಟು ಸ್ಕ್ರೂಡ್ರೈವರ್ ತರಲು ಎದ್ದೆ. ಅಷ್ಟರಲ್ಲಿ ನಿಮ್ಮ ಗಾಡಿ ಹಾರ್ನ್ ಹೊಡೆಯಿತು, ಸೀರೆ ಉಡಲು ಓಡಿದೆ, ಸ್ಕ್ರೂ ಬಿಗಿಯುವುದು ಮರೆತೇಹೋಯಿತು. ಹೊರ್ತಿಯಲ್ಲಿ ತಂತಿ ಇಳಿದ ಕೂಡಲೇ ನನಗೆ ಗೊತ್ತಾಯಿತು. ನೀವು ಹೇಳಿದ್ದು ಖರೆ ಇತ್ತು, ಅದಕ್ಕೇ ಅಷ್ಟು ಸಿಟ್ಟು ಬಂತು. ಅಪ್ಪನಿಗೆ ಇವತ್ತು ಹೇಳುತ್ತೇನೆ. ರವಿವಾರ ನೀವೇನೂ ಹೇಳುವುದು ಬೇಡ.