ಗೊಬ್ಬರ ಹಾಕದ ಪಟ್ಟಿ

೧೪ ನವೆಂಬರ್, ಗುರುವಾರ

ಆ ಅಂಕಿ ತಲೆಯಿಂದ ಹೋಗುತ್ತಿಲ್ಲ. ನಮ್ಮ ಹೊಲದ ಮೆಕ್ಕೆಜೋಳದ ದಂಟನ್ನು ಪುಡಿಮಾಡಿ ಲ್ಯಾಬಿನಲ್ಲಿ ಉರಿಸುತ್ತೇನೆ, ಜ್ವಾಲೆಯೊಳಗೆ ಲೇಸರ್ ಹಾಯಿಸಿ ಪೊಟ್ಯಾಶ್ ಅಳೆಯುತ್ತೇನೆ. ಹೋಲಿಕೆಗೆಂದು ಹೊಲದ ಒಂದು ಪಟ್ಟಿಗೆ ಮೂರು ವರ್ಷದಿಂದ ಗೊಬ್ಬರವನ್ನೇ ಹಾಕಿಸಿಲ್ಲ. ಇವತ್ತು ನೋಡಿದರೆ ಆ ಪಟ್ಟಿಯದ್ದೇ ಎಲ್ಲಕ್ಕಿಂತ ಹೆಚ್ಚು! ಲೇಸರಿಗೆ ಶಾಪ ಹಾಕಿದೆ, ಕನ್ನಡಿಗಳನ್ನು ಒರೆಸಿದೆ, ಮತ್ತೆ ಸುಟ್ಟೆ. ಅದೇ ಅಂಕಿ. ಪೊಟ್ಯಾಶ್ ಇದ್ದರೆ ಜ್ವಾಲೆ ನೇರಳೆಯಾಗುತ್ತದೆ, ಆದರೆ ಅಷ್ಟು ನೇರಳೆಯಾದ ಜ್ವಾಲೆಯನ್ನು ನಾನು ಕಂಡೇ ಇರಲಿಲ್ಲ.

ಈ ಸಲದ ಬಿತ್ತನೆಗೆ ಮುಂಚೆ ತೀರಿಕೊಂಡ ಅಪ್ಪ ಆ ಪಟ್ಟಿಗಾಗಿಯೇ ನನ್ನೊಡನೆ ಜಗಳಕ್ಕೆ ನಿಲ್ಲುತ್ತಿದ್ದರು. "ನಿನ್ನ ಪರೀಕ್ಷೆಗೋಸ್ಕರ ಅದನ್ನ ಉಪವಾಸ ಕೆಡವ್ತೀಯಲ್ಲೇ!"

ಸಂಜೆ ಅಮ್ಮನಿಗೆ ಫೋನ್ ಮಾಡಿ ದಬಾಯಿಸಿದೆ. "ಆ ಪಟ್ಟಿಗೆ ಏನಮ್ಮ ಹಾಕಿದ್ದೆ?"

"ಗೊಬ್ಬರ ಏನೂ ಹಾಕಿಲ್ಲ ಕಣೇ. ನಿಮ್ಮಪ್ಪನ ಬೂದಿ ಅಷ್ಟೇ, ಸೌದೆದೂ ಸೇರಿ. ಅಲ್ಲೇ ಹಾಕು ಅಂತ ಅವರೇ ಹೇಳಿದ್ರು. ನಿನಗೆ ಹೇಳ್ಬೇಡ ಅಂತಾನೂ."

ಎರಡು ಸಲ ತಲೆಗೆ ನೀರು ಹಾಕಿಕೊಂಡೆ, ಕೂದಲಿನಿಂದ ಹೊಗೆಯ ವಾಸನೆ ಹೋಗಿಲ್ಲ.

ಪ್ರತಿ ಮಾದರಿಯನ್ನೂ ಮೂರು ಸಲ ಸುಡಬೇಕು. ಆ ನಿಯಮ ಮಾಡಿದವಳು ನಾನೇ. ಎರಡು ಸಲ ಆಗಿದೆ. ಮೂರನೆಯ ಸಲಕ್ಕೆಂದು ಇಟ್ಟ ಪುಡಿ ಸೀಸೆಯಲ್ಲಿ ಹಾಗೇ ಇದೆ, ಮುಚ್ಚಳದ ಮೇಲೆ ನನ್ನದೇ ಅಕ್ಷರದಲ್ಲಿ 'ಏನೂ ಹಾಕಿಲ್ಲ' ಎಂದಿದೆ.